ಕ್ಯಾತ್ಸಂದ್ರ, ಇಳೀರಿ ಇಳೀರಿ

ನಮ್ಮ ಶಾಲೆಯ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗೆ ಪಾಠ ಮಾಡುವ ಮಿಸ್ ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಸಂಚಿಕೆಗೆ ಅವರ ಬಗ್ಗೆ ಬರೆದು ಕೊಡು ಅಂದಾಗ ನನಗೆ ಮೊದಲು ನೆನಪಾಗಿದ್ದು ಆ ಕೋಣೆಯ ಫ್ಯಾನು. ಮಿಸ್ ಅದನ್ನು ಯಾವತ್ತೂ ಎರಡರಿಂದ ಮೇಲೆ ಇಡುತ್ತಿರಲಿಲ್ಲ. ಮೂರಕ್ಕೆ ಹಾಕಿದರೆ ಟಕ್ ಟಕ್ ಅನ್ನುತ್ತಿತ್ತು, ಆ ಸದ್ದಿಗೆ ನಾನು ಕೈ ಕಚ್ಚಿಕೊಳ್ಳುತ್ತಿದ್ದೆ. ಫ್ಯಾನಿನಿಂದ ಹೀಗಾಗುತ್ತೆ ಅಂತ ನಾನು ಯಾರಿಗೂ ಹೇಳಿರಲಿಲ್ಲ, ಹೇಳೋಕೆ ಬರುತ್ತಲೂ ಇರಲಿಲ್ಲ. ಅವರೇ ನೋಡಿ ನೋಡಿ ಕಂಡುಕೊಂಡಿದ್ದರು.

ನನಗೆ ಆಟಿಸಂ ಇದೆ. ಆರು ವರ್ಷದವನಿದ್ದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೊತ್ತಾಯಿತು. ಅದಕ್ಕೂ ಮೊದಲು ಸೇರಿಸಿದ್ದ ಒಂದು ಶಾಲೆಯಲ್ಲಿ ಮೂರೇ ತಿಂಗಳಿಗೆ, ಬೇರೆ ಮಕ್ಕಳಿಗೆ ತೊಂದರೆ ಆಗುತ್ತೆ, ಕರ್ಕೊಂಡು ಹೋಗಿ ಅಂದಿದ್ದರು. ಅಮ್ಮನಿಗೆ ನೆಂಟರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ನೀನು ಮಗುವನ್ನು ಸರಿಯಾಗಿ ಎತ್ತಿ ಆಡಿಸಲಿಲ್ಲ, ಅದಕ್ಕೇ ಹೀಗಾಗಿದೆ. ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೂ ತಾಯಿ ಪ್ರೀತಿ ತೋರಿಸದಿದ್ದರೆ ಆಟಿಸಂ ಬರುತ್ತೆ ಅಂತ ನಂಬಿದ್ದರಂತೆ. ಅದು ತಪ್ಪು ಅಂತ ಯಾವಾಗಲೋ ತೀರ್ಮಾನವಾಗಿತ್ತು, ಆದರೆ ನಮ್ಮ ಬೀದಿಗೆ ಆ ಸುದ್ದಿ ಬಂದಿರಲಿಲ್ಲ. ಮಿಸ್ ಮೊದಲ ದಿನವೇ ಅಮ್ಮನನ್ನು ಕೂರಿಸಿಕೊಂಡು, "ಇದು ನಿಮ್ಮಿಂದ ಬಂದಿದ್ದಲ್ಲಮ್ಮ, ಅವನು ಹುಟ್ಟಿದ್ದೇ ಹೀಗೆ" ಅಂದರಂತೆ. ಅಮ್ಮ ಇವತ್ತಿಗೂ ಆ ಮಾತು ಹೇಳುವಾಗ ಅಳುತ್ತಾರೆ.

ನಾನು ಮಾತೇ ಆಡುತ್ತಿರಲಿಲ್ಲ ಅಂತ ತಿಳಿಯಬೇಡಿ. ಎಲ್ಲೋ ಕೇಳಿದ್ದನ್ನು ಹಾಗೇ ತಿರುಗಿ ಹೇಳುತ್ತಿದ್ದೆ, ಅದಕ್ಕೆ ಎಕೋಲಾಲಿಯಾ ಅಂತಾರೆ. ನಮ್ಮ ಮನೆ ಇದ್ದದ್ದು ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ. ದಿನಾ ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದನ್ನು ಕೇಳಿ ಕೇಳಿ, ಕ್ಲಾಸಿನಲ್ಲೂ ಅದೇ ಧ್ವನಿಯಲ್ಲಿ "ಕ್ಯಾತ್ಸಂದ್ರ, ಇಳೀರಿ ಇಳೀರಿ" ಅಂತಿದ್ದೆ. ಮಕ್ಕಳು ನಗುತ್ತಿದ್ದರು, ಟೀಚರುಗಳು ಸುಮ್ನಿರು ಅಂತ ಗದರುತ್ತಿದ್ದರು. ಮಿಸ್ ಮಾತ್ರ ನೂರು ಪುಟದ ಒಂದು ನೋಟ್‌ಬುಕ್ ತೆಗೆದು, ನಾನು ಅದನ್ನು ಹೇಳಿದಾಗೆಲ್ಲ ಗಂಟೆ ಎಷ್ಟು, ಕೋಣೆಯಲ್ಲಿ ಯಾರಿದ್ದರು, ಅದಕ್ಕೆ ಮೊದಲು ಏನಾಯಿತು ಅಂತ ಬರೆಯುತ್ತಾ ಹೋದರು. ಹದಿನೈದು ದಿನ ಆದ ಮೇಲೆ ಅವರಿಗೆ ಅರ್ಥ ಆಯಿತು. ಜನ ಜಾಸ್ತಿ ಆದಾಗ, ಕುರ್ಚಿ ಎಳೆದ ಸದ್ದಾದಾಗ, ಬಿಸಿಯೂಟದ ವಾಸನೆ ಬಂದಾಗ ನಾನು ಹಾಗನ್ನುತ್ತಿದ್ದೆ. ನನಗೆ ಇಲ್ಲಿಂದ ಇಳಿಯಬೇಕು, ಅಂದರೆ ಹೊರಗೆ ಹೋಗಬೇಕು ಅಂತ ಅದರ ಅರ್ಥ. ಮುಂದಿನ ಸಲ ಹೇಳಿದಾಗ ಮಿಸ್ "ಸರಿ, ಇಳಿಯೋಣ" ಅಂತ ಎದ್ದು ಬಾಗಿಲು ತೆಗೆದರು. ನಾನು ಹೇಳಿದ್ದು ಇನ್ನೊಬ್ಬರಿಗೆ ತಲುಪಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆಮೇಲೆ ಬಸ್ಸಿನ ಚಿತ್ರ ಇರುವ ಒಂದು ರಟ್ಟಿನ ಕಾರ್ಡ್ ಮಾಡಿಕೊಟ್ಟರು. ಅದನ್ನು ಕೈಗೆ ಕೊಟ್ಟರೆ ಸಾಕು, ಬಾಗಿಲು ತೆಗೆಯುತ್ತಿತ್ತು. "ಹೊರಗೆ ಹೋಗಬೇಕು" ಅಂತ ನನ್ನದೇ ಮಾತಲ್ಲಿ ಹೇಳಿದ್ದು ಎರಡು ವರ್ಷ ಆದ ಮೇಲೆ.

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಅಂತಾರೆ, ತನ್ನಲ್ಲೇ ಮುಳುಗಿರುವುದು ಅಂತ. ನನಗೆ ಆ ಪದ ಇಷ್ಟ ಇಲ್ಲ. ನಾನು ಒಳಗೆ ಮುಳುಗಿರಲಿಲ್ಲ, ಹೊರಗಿನದೆಲ್ಲ ನನಗೆ ಒಟ್ಟಿಗೆ ಕೇಳಿಸುತ್ತಿತ್ತು. ಮೊದಲಿನ ಶಾಲೆಯಲ್ಲಿ ಗಲ್ಲ ಹಿಡಿದು ಮುಖ ತಿರುಗಿಸಿ, ಕಣ್ಣು ನೋಡು ಅನ್ನುತ್ತಿದ್ದರು. ಕಣ್ಣು ನೋಡಿದರೆ ನನಗೆ ಮಾತು ಕೇಳಿಸುವುದಿಲ್ಲ. ಮಿಸ್ ಪಕ್ಕದಲ್ಲಿ ಕೂತು, ಇಬ್ಬರೂ ಪುಸ್ತಕ ನೋಡುವ ಹಾಗೆ ಪಾಠ ಮಾಡುತ್ತಿದ್ದರು. ಕೂಡೋದು ಕಳೆಯೋದು ಕಲಿತದ್ದು ಬಸ್ಸಿನ ಟೈಮ್‌ಟೇಬಲ್‌ನಲ್ಲಿ. ಗೋಡೆಯ ಮೇಲೆ ಇಡೀ ದಿನದ ಕೆಲಸಗಳು ಚಿತ್ರದಲ್ಲಿ ಸಾಲಾಗಿ ಇರುತ್ತಿದ್ದವು, ಒಂದೊಂದು ಮುಗಿದಾಗ ಆ ಚಿತ್ರ ಕಿತ್ತು "ಮುಗೀತು" ಅನ್ನೋ ಡಬ್ಬಿಗೆ ಹಾಕುತ್ತಿದ್ದೆ. ಯಾವುದಾದರೂ ಬದಲಾದರೆ ಅಲ್ಲಿ ಒಂದು ಹಳದಿ ಕಾರ್ಡ್ ಬೆಳಿಗ್ಗೆಯೇ ಬಂದಿರುತ್ತಿತ್ತು. ಬೆಲ್ ಹೊಡೆಯುವ ಎರಡು ನಿಮಿಷ ಮೊದಲು ಅಟೆಂಡರ್ ನಮ್ಮ ಕಿಟಕಿ ಹತ್ತಿರ ಬಂದು ಎರಡು ಬೆರಳು ತೋರಿಸಿ ಹೋಗುತ್ತಿದ್ದರು. ಅದು ಅವರ ಡ್ಯೂಟಿ ಅಲ್ಲ, ಮಿಸ್ ಕೇಳಿಕೊಂಡಿದ್ದರು.

ನಾಲ್ಕನೇ ಕ್ಲಾಸಿನಿಂದ ನನ್ನನ್ನು ಎಲ್ಲರ ಜೊತೆ ಕೂರಿಸಿದರು. ಆಗ ಮಿಸ್ ನನಗಿಂತ ಜಾಸ್ತಿ ಪಾಠ ಮಾಡಿದ್ದು ಉಳಿದ ಮಕ್ಕಳಿಗೆ. ಅವನನ್ನು ಹಿಂದಿನಿಂದ ಮುಟ್ಟಬೇಡಿ, ಮುಂದೆ ಬಂದು ಹೆಸರು ಹಿಡಿದು ಕರೀರಿ, ಉತ್ತರಕ್ಕೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ ಅಂತ. ಅವರು ಎಣಿಸುತ್ತಿದ್ದರು ಕೂಡ, ಬೆರಳು ಮಡಚಿಕೊಂಡು. ಆ ಕ್ಲಾಸಿನವರು ಈಗಲೂ ಸಿಕ್ಕಿದರೆ ಮುಂದೆ ಬಂದು ನಿಂತು ಹೆಸರು ಕರೆಯುತ್ತಾರೆ.

ಕಾಗದ ಪತ್ರದ ಕೆಲಸಕ್ಕೂ ಅವರೇ ಓಡಾಡಿದ್ದು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಮಾತ್ರ ಇತ್ತು, ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಹೆಸರು ಬಂದಿತ್ತು, ಆದರೆ ನನ್ನ ಅಂಗವಿಕಲ ಸರ್ಟಿಫಿಕೇಟಿನಲ್ಲಿ ಬರೆದದ್ದು ಬುದ್ಧಿಮಾಂದ್ಯ ಅಂತ. 2016ರ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿ ಆಟಿಸಂ ಕೂಡ ಸೇರಿದಾಗ ನಾನು ಶಾಲೆ ಬಿಟ್ಟು ವರ್ಷಗಳಾಗಿದ್ದವು. ಆದರೂ ಮಿಸ್ ಫೋನ್ ಮಾಡಿ, ಬಾ, ಅಂಗವಿಕಲರ ಹೊಸ ಕಾರ್ಡ್ ಮಾಡಿಸೋಣ ಅಂದರು.

ಹೋದ ತಿಂಗಳು ಅಮ್ಮ, ನಾನು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಅವರ ಮನೆಗೆ ಹೋಗಿದ್ದೆವು. ಬೀರುವಿನಲ್ಲಿ ನೋಟ್‌ಬುಕ್‌ಗಳನ್ನು ಸಾಲಾಗಿ ಇಟ್ಟಿದ್ದಾರೆ, ಒಂದೊಂದು ಮಗುವಿಗೆ ಒಂದೊಂದು. ಎಲ್ಲಕ್ಕಿಂತ ಹಳೆಯದನ್ನು ತೆಗೆದು ತೋರಿಸಿದರು. ತರಬೇತಿಯಲ್ಲಿ ಆಟಿಸಂ ಬಗ್ಗೆ ಹೇಳಿಕೊಟ್ಟದ್ದು ಬಹಳ ಕಮ್ಮಿಯಂತೆ. "ಈ ಮಗುವನ್ನು ಕುರ್ಚಿಗೆ ಒತ್ತಿ ಹಿಡಿದು ಕೂರಿಸ್ತಿದ್ದೆ ಕಣೋ. ಅವನು ಆರು ತಿಂಗಳು ಅತ್ತ. ಆಮೇಲೆ ಶಾಲೆ ಬಿಟ್ಟ" ಅಂದರು. ಅವತ್ತಿನಿಂದ ಮೊದಲು ನೋಡಬೇಕು, ಬರೆಯಬೇಕು, ಆಮೇಲೆ ಮುಟ್ಟಬೇಕು ಅಂತ ಅವರಿಗೆ ಅವರೇ ಹೇಳಿಕೊಂಡರಂತೆ. ನನ್ನ ನೋಟ್‌ಬುಕ್ ಹನ್ನೊಂದನೆಯದು.

ಅಷ್ಟರಲ್ಲಿ ಅವರ ನೆಂಟರು ಮಕ್ಕಳನ್ನು ಕರೆದುಕೊಂಡು ಬಂದರು, ಟಿವಿ ಹಾಕಿದರು, ಕುಕ್ಕರ್ ಕೂಗಿತು. ನನಗೀಗ ಮಾತು ಚೆನ್ನಾಗಿಯೇ ಬರುತ್ತೆ. ಆದರೂ ಬಾಯಿಗೆ ಬಂದಿದ್ದು "ಕ್ಯಾತ್ಸಂದ್ರ, ಇಳೀರಿ ಇಳೀರಿ" ಅಂತ. ನೆಂಟರೆಲ್ಲ ನನ್ನ ಕಡೆ ನೋಡಿದರು. ಮಿಸ್ ಎದ್ದು, ಬಾಗಿಲು ತೆಗೆದು, ನನ್ನ ಚಪ್ಪಲಿ ಎಲ್ಲಿದೆ ಅಂತ ತೋರಿಸಿದರು.