ಬಾಗಿಲಲ್ಲಿ ನಿಂತು ಆಡಿದ ಒಂದು ಮಾತು

ನಾನು ಬೆಂಗಳೂರಿನಲ್ಲಿ ಸರ್ವೇ ಕೆಲಸ ಮಾಡುತ್ತೇನೆ. ಮನೆಮನೆಗೆ ಹೋಗಿ, ಹೆಂಗಸರ ಜೊತೆ ಕೂತು, ಪ್ರಶ್ನೆ ಕೇಳಿ ಟ್ಯಾಬ್‌ನಲ್ಲಿ ತುಂಬುವ ಕೆಲಸ. ರೇಷನ್, ನೀರು, ಮಕ್ಕಳ ಲಸಿಕೆ ಬಗ್ಗೆ ಕೇಳಿ ಅಭ್ಯಾಸ ಇತ್ತು. ಗಂಡನ ಹೊಡೆತದ ಬಗ್ಗೆ ಕೇಳುವ ಸರ್ವೇ ಮೊದಲ ಸಲ ಸಿಕ್ಕಾಗ ಇದನ್ನೂ ಹಾಗೇ ಕೇಳಬಹುದು ಅಂದುಕೊಂಡೆ. ಏಜೆನ್ಸಿಯವರು ಕೊಟ್ಟಿದ್ದು ಅರ್ಧ ದಿನದ ತರಬೇತಿ, ಅದರಲ್ಲೂ ಜಾಸ್ತಿ ಹೊತ್ತು ಡೇಟಾ ಹೇಗೆ ಕಳಿಸಬೇಕು ಅನ್ನುವುದರಲ್ಲೇ ಹೋಯಿತು.

ಲಗ್ಗೆರೆಯ ಒಂದು ವಠಾರ. ಸಾಲಾಗಿ ಆರು ಮನೆ, ಎಲ್ಲರಿಗೂ ಒಂದೇ ನಲ್ಲಿ. ಬಾಗಿಲು ತೆಗೆದಾಕೆ ಗಾರ್ಮೆಂಟ್ಸ್‌ಗೆ ಹೋಗುವವಳು, ಅವತ್ತು ರಜೆ. ನಾನು ಹೊಸಿಲಾಚೆ ನಿಂತೇ, “ಮನೆಯೊಳಗಿನ ದೌರ್ಜನ್ಯದ ಬಗ್ಗೆ ಕೇಳೋಕೆ ಬಂದಿದೀವಿ” ಅಂದೆ. ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. “ನಮ್ಮನೇಲಿ ಅಂಥದ್ದೇನೂ ಇಲ್ಲ” ಅಂತ ಹೇಳಿ ಅವಳು ಬಾಗಿಲು ಹಾಕಿಕೊಂಡಳು.

ಮಾರನೇ ದಿನ ಅದೇ ಬೀದಿಗೆ ಹೋದಾಗ ಅವಳ ಗಂಡ ನನ್ನನ್ನು ತಡೆದು ನಿಲ್ಲಿಸಿದ. “ಏನ್ ಹೇಳಿದ್ಲು ನಿಮಗೆ?” ಅಂತ ಕೇಳಿದ. ಅವಳು ಏನೂ ಹೇಳಿರಲಿಲ್ಲ. ಆದರೆ ವಠಾರದಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದರು. ಹಿಂದಿನ ರಾತ್ರಿ ಆ ಮನೆಯಲ್ಲಿ ಏನಾಗಿರಬಹುದು ಅಂತ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. ಅದಕ್ಕೆ ಕಾರಣ ನನ್ನ ಆ ಒಂದು ಮಾತು.

ಆಮೇಲೆ ಕೂತು ಓದಿದೆ. ಈ ತಪ್ಪು ಆಗಬಾರದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ನಿಯಮ ಬರೆದಿಟ್ಟಿದೆ. ಮೊದಲು ಹೆಂಗಸಿನ ಸುರಕ್ಷತೆ, ಅಂಕಿಅಂಶ ಆಮೇಲೆ. ಒಂದು ಮನೆಯಲ್ಲಿ ಒಬ್ಬರನ್ನೇ ಈ ಪ್ರಶ್ನೆ ಕೇಳಬೇಕು, ಒಬ್ಬರೇ ಇದ್ದಾಗ ಕೇಳಬೇಕು, ಯಾರಾದರೂ ಒಳಗೆ ಬಂದರೆ ತಕ್ಷಣ ಮಾತು ಬದಲಿಸಬೇಕು. ಆ ಸಂಸ್ಥೆ ಬಾಂಗ್ಲಾದೇಶ, ಪೆರು, ಇಥಿಯೋಪಿಯಾ, ಜಪಾನ್ ಸೇರಿ 10 ದೇಶಗಳಲ್ಲಿ 24,000ಕ್ಕೂ ಜಾಸ್ತಿ ಹೆಂಗಸರನ್ನು ಮಾತಾಡಿಸಿ 2005ರಲ್ಲಿ ವರದಿ ತಂದಿತು. ಆ ಸರ್ವೇಯನ್ನು ಜನರ ಮುಂದೆ ಕರೆದದ್ದು ಹೆಂಗಸರ ಆರೋಗ್ಯ ಮತ್ತು ಬದುಕಿನ ಅನುಭವದ ಸರ್ವೇ ಅಂತ. ನಿಜ ವಿಷಯವನ್ನು ಅವಳೊಬ್ಬಳಿಗೇ ಹೇಳಿ, ಒಪ್ಪಿದರೆ ಮಾತ್ರ ಮುಂದಕ್ಕೆ ಹೋಗುತ್ತಿದ್ದರು. ಹೊಡೆತ ತಿಂದೆ ಅಂತ ಹೇಳಿದವರಲ್ಲಿ ಕಡಿಮೆ ಅಂದರೂ 5ರಲ್ಲಿ ಒಬ್ಬರು ಅದಕ್ಕೂ ಮೊದಲು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅಂದರೆ ಮನೆಯವರಿಗೂ ಹೇಳದ ಮಾತನ್ನು ಪ್ರಶ್ನೆ ಕೇಳೋಕೆ ಬಂದ ಅಪರಿಚಿತಳಿಗೆ ಹೇಳಿದರು.

ಇನ್ನೊಂದು, ಪದ. “ದೌರ್ಜನ್ಯ ಆಗಿದೆಯಾ” ಅಂದರೆ ನಮ್ಮಲ್ಲಿ ಯಾರು ಹೌದು ಅಂತಾರೆ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಕೇಳಿಕೊಂಡೇ ಬೆಳೆದವರು ನಾವು. ಒಂದು ಏಟು ಅವರ ಲೆಕ್ಕದಲ್ಲಿ ದೌರ್ಜನ್ಯವೇ ಅಲ್ಲ. ಅದಕ್ಕೇ ಬಿಡಿಬಿಡಿಯಾಗಿ ಕೇಳಬೇಕು. ಕೆನ್ನೆಗೆ ಹೊಡೆದಿದ್ದಾರಾ? ತಳ್ಳಿದ್ದಾರಾ? ಕೂದಲು ಹಿಡಿದು ಎಳೆದಿದ್ದಾರಾ? ಕತ್ತು ಹಿಸುಕಿದ್ದಾರಾ? ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಹೀಗೇ ಕೇಳುತ್ತದೆ. ಅದರ 2019-21ರ ಸುತ್ತಿನಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ 44.4% ಜನ ಗಂಡನಿಂದ ಹಿಂಸೆ ಆಗಿದೆ ಅಂದರು. ಹಿಂದಿನ ಸುತ್ತಿನಲ್ಲಿ ಇದು 20.6% ಇತ್ತು. ಹೊಡೆಯುವವರು ಜಾಸ್ತಿ ಆದರೋ, ಹೇಳುವವರು ಜಾಸ್ತಿ ಆದರೋ, ಈ ಎರಡು ಅಂಕಿ ಇಟ್ಟುಕೊಂಡೇ ತೀರ್ಮಾನ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ 20.6 ಕೂಡ ಸಣ್ಣದೇನಲ್ಲ, ಅಲ್ವಾ? ಜಗತ್ತಿನಲ್ಲಿ 3ರಲ್ಲಿ ಒಬ್ಬ ಹೆಂಗಸು, ಸುಮಾರು 73.6 ಕೋಟಿ ಜನ, ಗಂಡ ಅಥವಾ ಸಂಗಾತಿಯಿಂದ ಹೊಡೆತ ಇಲ್ಲವೇ ಲೈಂಗಿಕ ಹಿಂಸೆಯನ್ನೋ, ಬೇರೆಯವರಿಂದ ಲೈಂಗಿಕ ಹಿಂಸೆಯನ್ನೋ ಕಂಡಿದ್ದಾರೆ ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತಲ್ಲ, ಆ ಲೆಕ್ಕವೂ ಯಾವುದೋ ಊರಲ್ಲಿ ಯಾರೋ ಒಬ್ಬಳು ಬಾಗಿಲು ಹಾಕದೆ ಮಾತಾಡಿದ್ದರಿಂದ ಸಿಕ್ಕಿದ್ದು.

ಈಗ ಹೊಸ ಹುಡುಗಿಯರಿಗೆ ನಾನೇ ತರಬೇತಿ ಕೊಡುತ್ತೇನೆ. ಪ್ರತಿ ಟ್ಯಾಬ್‌ನಲ್ಲೂ ಊಟತಿಂಡಿಯ ಐದಾರು ಪ್ರಶ್ನೆ ಮಾತು ಬದಲಿಸಲೆಂದೇ ಇರುತ್ತವೆ. ಹೊರಡುವಾಗ ಕೊಡುವ ಚೀಟಿಯಲ್ಲಿ ಹತ್ತಿರದ ಆಸ್ಪತ್ರೆ, ಅಂಗನವಾಡಿ ನಂಬರುಗಳ ನಡುವೆ ಹೆಂಗಸರ 181 ಸಹಾಯವಾಣಿಯೂ ಇರುತ್ತದೆ, ಯಾರ ಕಣ್ಣಿಗೂ ಎದ್ದು ಕಾಣದ ಹಾಗೆ.

ಹೋದ ತಿಂಗಳು ಪೀಣ್ಯದ ಹತ್ತಿರ ಒಂದು ಮನೆಯಲ್ಲಿ ಅರ್ಧ ಮಾತಾಗಿತ್ತು, ಅತ್ತೆ ಒಳಗೆ ಬಂದರು. ನಾನು ತಕ್ಷಣ, “ವಾರಕ್ಕೆ ಎಷ್ಟು ಸಲ ಸೊಪ್ಪು ಮಾಡ್ತೀರಿ?” ಅಂದೆ. ಅವಳು ಕಣ್ಣು ಕೂಡ ಮಿಟುಕಿಸದೆ, “ಎರಡು ಸಲ. ದಂಟಿನ ಸೊಪ್ಪು ಜಾಸ್ತಿ” ಅಂದಳು. ಅತ್ತೆ ಸ್ವಲ್ಪ ಹೊತ್ತು ನಿಂತು, ನೀರು ಬಂತು ಅಂತ ಬಿಂದಿಗೆ ಎತ್ತಿಕೊಂಡು ಹೊರಗೆ ಹೋದರು. ಅವಳು ಬಾಗಿಲ ಕಡೆ ಒಮ್ಮೆ ನೋಡಿ ನನ್ನ ಹತ್ತಿರಕ್ಕೆ ಸರಿದು ಕೂತಳು.

“ಇನ್ನು ಹತ್ತು ನಿಮಿಷ ಬರಲ್ಲ. ಎಲ್ಲಿಗೆ ನಿಲ್ಲಿಸಿದ್ರಿ, ಅಲ್ಲಿಂದ ಕೇಳಿ.”