ಗೋಲ್ಕೊಂಡದ ಚಪ್ಪಾಳೆ

ಬೀದರಿಗೆ ವಾಪಸ್ ಹೊರಟ ರೈಲಿನಲ್ಲಿ ಕೂತಿದ್ದೇನೆ. ಹಿಮ್ಮಡಿಯಲ್ಲಿ ಎರಡು ಗುಳ್ಳೆ ಎದ್ದಿವೆ. ಕಾಲು ನೆಲಕ್ಕೆ ಊರೋಕೆ ಆಗುತ್ತಿಲ್ಲ.

ಎರಡೇ ದಿನ, ಇಡೀ ಹೈದರಾಬಾದ್. ನಿನ್ನೆ ಚಾರ್‌ಮಿನಾರ್, ಲಾಡ್ ಬಜಾರ್, ಸಾಲಾರ್ ಜಂಗ್ ಮ್ಯೂಸಿಯಂ. ಇವತ್ತು ಗೋಲ್ಕೊಂಡ ಕೋಟೆ.

ಸುಮಾರು 360 ಮೆಟ್ಟಿಲು. ನೆತ್ತಿ ಮೇಲೆ ಬಿಸಿಲು. ಗೆಳತಿಗೆ ಸಾಕಾಗಿ ಕೆಳಗೇ ಉಳಿದಳು. "ನೀನು ಹತ್ತು, ನಾನು ಇಲ್ಲಿಂದ ಚಪ್ಪಾಳೆ ತಟ್ಟುತ್ತೇನೆ" ಅಂದಳು.

ತುದಿ ತಲುಪಿ ಫೋನ್ ಮಾಡಿದೆ. "ತಟ್ಟು" ಅಂದು ಕಟ್ ಮಾಡಿದೆ, ಬೇಕಂತಲೇ. ಸುಮ್ನೆ ನಿಂತೆ. ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಟಪ್. ಮತ್ತೆ ಟಪ್. ಅಷ್ಟು ಕೆಳಗೆ, ಬಾಗಿಲ ಕಮಾನಿನಡಿ ಅವಳ ಎರಡು ಕೈ! ಮೈ ಜುಂ ಅಂತು.

ಯಾರೋ ಬಂದರು ಅಂತ ಮೇಲಿನವರಿಗೆ ತಿಳಿಯಲಿ ಎಂದು ಮಾಡಿದ ಏರ್ಪಾಡಂತೆ ಅದು. ಔರಂಗಜೇಬನ ಸೈನ್ಯ ಹೊರಗೆ ಎಂಟು ತಿಂಗಳು ಕಾದಿತ್ತು. 1687ರಲ್ಲಿ ಒಳಗಿನವನೇ ಒಬ್ಬ ಬಾಗಿಲು ತೆಗೆದ. ಇಷ್ಟು ಚುರುಕು ಕಿವಿಯ ಕೋಟೆಗೆ ಆ ರಾತ್ರಿ ಆ ಬಾಗಿಲ ಸದ್ದು ಕೇಳಲಿಲ್ಲವಾ? ಇಳಿಯುವಾಗ ಪೂರ್ತಿ ಅದೇ ಯೋಚನೆ.

ಈ ಕೋಟೆ ಆಳಿದ ಕುತುಬ್ ಶಾಹಿ ಸುಲ್ತಾನರೂ ಮೊದಲು ನಮ್ಮ ಬೀದರಿನ ಬಹಮನಿ ಸುಲ್ತಾನರ ಕೈಕೆಳಗೆ ಇದ್ದವರೇ ಅಲ್ವಾ. ನಮ್ಮೂರ ಕೋಟೆಗೆ ಎಷ್ಟು ಸಲ ಹೋಗಿದ್ದೇನೋ, ಒಂದು ದಿನವೂ ಅಲ್ಲಿ ಕಿವಿ ಕೊಟ್ಟು ನಿಂತಿಲ್ಲ.

ಗುಳ್ಳೆ ಆರಲಿ, ಹೋಗುತ್ತೇನೆ. ಅವಳನ್ನೂ ಕರೆದುಕೊಂಡು. ಈಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ.