ಹಾಸನ ಸಿಗುತ್ತದೆ, ಕೋಲಾರ ಸಿಗುವುದಿಲ್ಲ

ನಾನು ಟೆಸ್ಟಿಂಗ್ ಮಾಡುವ ಆ್ಯಪ್‌ನಲ್ಲಿ ದಾಖಲೆಗಳನ್ನು ಅಪ್‌ಲೋಡ್ ಮಾಡಿ, ಬೇಕಾದಾಗ ಫೈಲ್ ಹೆಸರಿನಿಂದ ಹುಡುಕಬಹುದು. ಕಳೆದ ಮಳೆಗಾಲದಲ್ಲಿ ಬಳಕೆದಾರರೊಬ್ಬರಿಂದ ಒಂದು ದೂರು ಬಂತು. ಕರ್ನಾಟಕದ 31 ಜಿಲ್ಲೆಗಳಿಗೂ ಒಂದೊಂದು ಫೈಲ್ ಹಾಕಿದ್ದರು. ಹಾಸನ, ಮಂಡ್ಯ ಎಂದು ಹುಡುಕಿದರೆ ಸಿಗುತ್ತವೆ, ಕೋಲಾರ, ಬೀದರ್ ಸಿಗುವುದಿಲ್ಲ, ಪಟ್ಟಿಯಲ್ಲಿ ನೋಡಿದರೆ ಎಲ್ಲವೂ ಇವೆ ಎಂದು ಬರೆದಿದ್ದರು.

ಡೆವಲಪರ್ ತಮ್ಮ ಮೆಷಿನ್‌ನಲ್ಲಿ ನೋಡಿದರು. ಕೋಲಾರವೂ ಸಿಕ್ಕಿತು, ಬೀದರ್ ಕೂಡ ಸಿಕ್ಕಿತು. 'ರಿಪ್ರೊಡ್ಯೂಸ್ ಆಗ್ತಿಲ್ಲ', ಅಂದರೆ ಆ ತೊಂದರೆ ಇಲ್ಲಿ ಮತ್ತೆ ಕಾಣಿಸುತ್ತಿಲ್ಲ, ದೂರಿನ ಟಿಕೆಟ್ ಮುಚ್ಚೋಣ ಎಂದರು. ನಾನು ಬೇಡ ಅಂದೆ. ಯಾವ ಊರು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಹೆಸರು ಹಿಡಿದು ಹೇಳಿದವರು ಸುಮ್ನೆ ಹೇಳಿರುವುದಿಲ್ಲ.

ಇಂಥ ಕೆಲಸಕ್ಕೆ ಕೂರುವಾಗ ನನ್ನದೊಂದು ಕ್ರಮ ಇದೆ. ಖಾಲಿ ಡೇಟಾಬೇಸ್, ಹೊಸ ಅಕೌಂಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎನ್ನುವುದನ್ನು ಆಗಿಂದಾಗಲೇ ಬರೆದಿಡುತ್ತೇನೆ. ಸಂಜೆ ನೆನಪಿನಿಂದ ಬರೆದರೆ ನಡುವಿನ ಒಂದು ಕ್ಲಿಕ್ ತಪ್ಪಿಹೋಗಿರುತ್ತದೆ, ಬಗ್ ಅಲ್ಲೇ ಇರುತ್ತದೆ.

ಬ್ರೌಸರ್ ಬದಲಿಸಿದೆ, ಕೀಬೋರ್ಡ್ ಬದಲಿಸಿದೆ. ಏನೂ ಆಗಲಿಲ್ಲ. ಇಷ್ಟೂ ಹೊತ್ತು ಫೈಲ್‌ಗಳಿಗೆ ಹೆಸರು ಟೈಪ್ ಮಾಡಿದ್ದು ನಾವೇ, ಅಲ್ವಾ? ಆ ಬಳಕೆದಾರರ ಫೈಲ್‌ಗಳನ್ನು ನಾವಿನ್ನೂ ಮುಟ್ಟಿಯೇ ಇರಲಿಲ್ಲ. ಸ್ಕ್ರೀನ್‌ಶಾಟ್ ಬೇಡ, ಅವೇ ಫೈಲ್‌ಗಳನ್ನು ಜಿಪ್ ಮಾಡಿ ಕಳಿಸಿ ಎಂದು ಕೇಳಿದೆ. ಪಾಪ, ಅವತ್ತೇ ಕಳಿಸಿದರು.

ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಿ ಅಪ್‌ಲೋಡ್ ಮಾಡಿದೆ. ಕೋಲಾರ ಸಿಗಲಿಲ್ಲ! ಎಷ್ಟು ಖುಷಿಯಾಯಿತು ಎಂದರೆ, ಪಕ್ಕದ ಡೆಸ್ಕಿನವರನ್ನು ಕರೆದು ತೋರಿಸಿದೆ. ಬಗ್ ಕೈಗೆ ಸಿಕ್ಕ ಆ ಗಳಿಗೆಗೋಸ್ಕರವೇ ನಾನು ಈ ಕೆಲಸ ಮಾಡುವುದು.

ಆಮೇಲೆ 31 ಹೆಸರುಗಳನ್ನೂ ಒಂದೊಂದಾಗಿ ಹುಡುಕಿದೆ. ಸ್ಕ್ರಿಪ್ಟ್ ಬರೆಯಬಹುದಿತ್ತು, ಆದರೆ ಕೈಯಿಂದ ಮಾಡುವಾಗ ಕಣ್ಣು ಇನ್ನೂ ಏನೇನೋ ಗಮನಿಸುತ್ತದೆ. ಸಿಗದೆ ಹೋದವು ಎಂಟು: ಬಾಗಲಕೋಟೆ, ಬೀದರ್, ಹಾವೇರಿ, ಕೊಡಗು, ಕೋಲಾರ, ಕೊಪ್ಪಳ, ಮೈಸೂರು, ಶಿವಮೊಗ್ಗ. ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದಾಗ ಹೊಳೆಯಿತು. ಎಲ್ಲದರಲ್ಲೂ ಈ, ಏ, ಐ, ಒ, ಓ ಸ್ವರಗಳಲ್ಲಿ ಒಂದರ ಗುಣಿತ ಇದೆ. ಸಿಕ್ಕ 23 ಹೆಸರುಗಳಲ್ಲಿ ಒಂದರಲ್ಲೂ ಇಲ್ಲ.

ಹೆಕ್ಸ್ ಡಂಪ್ ತೆಗೆದೆ, ಅಂದರೆ ಹೆಸರುಗಳು ಕಂಪ್ಯೂಟರ್ ಒಳಗೆ ಯಾವ ಬೈಟ್‌ಗಳಾಗಿ ಇವೆ ಎಂದು ನೋಡಿದೆ. ನಾನು ಟೈಪ್ ಮಾಡಿದ 'ಕೋಲಾರ' 15 ಬೈಟ್, ಅವರ ಫೈಲಿನ 'ಕೋಲಾರ' 21 ಬೈಟ್. ಲಿಪಿಗಳ ಅಕ್ಷರಗಳಿಗೆ ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 'ಕೋ'ದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂದು ಮೂರು ತುಂಡು ಮಾಡಿಯೂ ಬರೆಯಬಹುದು. ಎರಡೂ ಸರಿ, ಎರಡೂ ಒಂದೇ ಎಂದು ಯೂನಿಕೋಡ್ ಹೇಳುತ್ತದೆ. ಒಂದೇ ಸಂಕೇತದ ರೂಪ ಎನ್‌ಎಫ್‌ಸಿ, ಬಿಡಿಸಿದ ರೂಪ ಎನ್‌ಎಫ್‌ಡಿ. ನಮ್ಮ ಹುಡುಕಾಟ ಮಾತ್ರ ಬೈಟ್‌ಗಳನ್ನು ಹಾಗೇ ಹೋಲಿಸುತ್ತಿತ್ತು. ಕೊರಿಯನ್ ಭಾಷೆಯಲ್ಲಿ ಹೀಗೆ ಬಿಡಿಸಿದ ಹೆಸರುಗಳು ಎಷ್ಟೋ ಕಡೆ ಅಕ್ಷರ ಚದುರಿದಂತೆ ಕಂಡು, ಜನರಿಗೆ ತಕ್ಷಣ ಗೊತ್ತಾಗುತ್ತದೆ. ನನ್ನ ಪರದೆಯ ಮೇಲೆ ಕನ್ನಡದ ಎರಡೂ ರೂಪಗಳು ಒಂದೇ ಥರ ಕಾಣುತ್ತಿದ್ದವು.

ಬಿಡಿಸಿದ ರೂಪ ಬಂದದ್ದೆಲ್ಲಿಂದ? ಬಳಕೆದಾರರನ್ನು ಕೇಳಿದಾಗ, ಫೈಲ್‌ಗಳು ಹಳೆಯ ಮ್ಯಾಕ್‌ನಿಂದ ಬಂದವು ಎಂದರು. ಆ್ಯಪಲ್‌ನ ಹಳೆಯ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಬಂದ ಹೊಸ ಫೈಲ್ ವ್ಯವಸ್ಥೆ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಳ್ಳುತ್ತದೆ. ಅಂದರೆ ಹಳೆಯ ಡಿಸ್ಕಿನ ಹೆಸರುಗಳು ಹೊಸ ಮ್ಯಾಕ್‌ಗೆ ಹೋದರೂ ಬಿಡಿಬಿಡಿಯಾಗಿಯೇ ಇರುತ್ತವೆ.

ಡೆವಲಪರ್ ಕೈಗೆ ಜಿಪ್ ಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ರಿಪ್ರೊಡ್ಯೂಸರ್, ಅಂದರೆ ಬಗ್ ಅನ್ನು ಮತ್ತೆ ತೋರಿಸುವ ಮಾದರಿ, ಚಿಕ್ಕದಾದಷ್ಟೂ ಒಳ್ಳೆಯದು. ಅಪ್‌ಲೋಡ್ ಬಿಟ್ಟೆ, ಡೇಟಾಬೇಸ್ ಬಿಟ್ಟೆ, ಲಾಗಿನ್ ಬಿಟ್ಟೆ. ಕೊನೆಗೆ ಉಳಿದದ್ದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೆಲವೇ ಸಾಲು: 'ಕೋಲಾರ'ದ ಎರಡು ರೂಪ, ಒಂದರ ಉದ್ದ 5 ಸಂಕೇತ, ಇನ್ನೊಂದರದು 7, ಹೋಲಿಸಿದರೆ 'ಸುಳ್ಳು', ಎನ್‌ಎಫ್‌ಸಿಗೆ ತಂದು ಹೋಲಿಸಿದರೆ 'ನಿಜ'. ಅಕ್ಷರಗಳನ್ನು ಸಂಕೇತದ ಸಂಖ್ಯೆಗಳಲ್ಲೇ ಬರೆದೆ, ಯಾಕೆಂದರೆ ಚಾಟ್‌ನಲ್ಲಿ ಕಾಪಿ ಮಾಡುವಾಗ ಯಾವುದಾದರೂ ಪ್ರೋಗ್ರಾಂ ಅವನ್ನು ಕೂಡಿಸಿಬಿಟ್ಟರೆ ಬಗ್ ಮಾಯ. ಕನ್ನಡ ಓದಲು ಬಾರದ ಡೆವಲಪರ್ ಕೂಡ ಅದನ್ನು ಓಡಿಸಿ ನೋಡಿ, ಊಟಕ್ಕೆ ಮೊದಲೇ ಕಾರಣ ಒಪ್ಪಿಕೊಂಡರು.

ಫಿಕ್ಸ್ ಸಣ್ಣದು. ಸೇವ್ ಮಾಡುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿಗೆ ತರುವುದು, ಹಳೆಯ ಹೆಸರುಗಳನ್ನು ಒಮ್ಮೆ ಸರಿಪಡಿಸುವುದು. ಆ ಎಂಟು ಜಿಲ್ಲೆಗಳು ಈಗ ಆಟೋಮೇಟೆಡ್ ಟೆಸ್ಟ್‌ನಲ್ಲಿವೆ. ಬಳಕೆದಾರರ ಜಿಪ್ ಅನ್ನೇ ಮತ್ತೆ ಹಾಕಿ ಕೈಯಾರೆ ಹುಡುಕಿದ ಮೇಲೆಯೇ ನಾನು ಟಿಕೆಟ್ ಮುಚ್ಚಿದ್ದು.

ಹಾಗೆ ಹುಡುಕುತ್ತಿದ್ದಾಗಲೇ 'ಸಾಫ್ಟ್‌ವೇರ್' ಎಂಬ ಹೆಸರಿನ ಫೈಲ್ ಸಿಗಲಿಲ್ಲ. 'ಟ್' ಮತ್ತು 'ವೇ' ನಡುವೆ ಒತ್ತಕ್ಷರ ಆಗದಂತೆ ತಡೆಯಲು ಹಾಕುವ ಕಾಣದ ಸಂಕೇತ, ಫೈಲಿನ ಹೆಸರು ಮತ್ತು ನಾನು ಟೈಪ್ ಮಾಡಿದ ಪದ ಇವೆರಡರ ಪೈಕಿ ಒಂದರಲ್ಲಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಅದಕ್ಕೆ ಹೊಸ ಟಿಕೆಟ್ ತೆರೆದು, ಕೆಳಗೆ ಮೂರು ಸಾಲಿನ ರಿಪ್ರೊಡ್ಯೂಸರ್ ಅಂಟಿಸಿದೆ.